ಕ್ಲೆರಿಕ್ ಯಾರು ಆಡುತ್ತೀರಿ?

ಕೇಳುಗರಿಗೆ ನಮಸ್ಕಾರ.

ಕಲ್ಪನಾಲೋಕದ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಯಾವ ಬಗೆಯ ಪಾತ್ರವನ್ನು ಆಡಿದರೆ ಚೆನ್ನ ಎಂಬುದನ್ನು ಹೇಳಲು ನನ್ನನ್ನು ಕರೆದಿದ್ದಾರೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲೆರಿಕ್ ಆಡಿ. ಜೊತೆಯವರ ಗಾಯ ಮಾಯಿಸುವ ಪಾತ್ರವನ್ನು ಆಡಿ. ಇನ್ನು ಮುಂದೆ ನಾನು ಏನು ಹೇಳಿದರೂ ಈ ಮಾತಿಗೇ ಹಿಂತಿರುಗುತ್ತೇನೆ.

ನಾನು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಈ ಆಟವನ್ನು ಕಂಡಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ, ಅವರೇ ಡಂಜನ್ ಮಾಸ್ಟರ್. ಉಳಿದವರಿಗೆ ತಲಾ ಒಂದು ಪಾತ್ರ. “ಕತ್ತಲ ಗುಹೆ, ಒಳಗೆ ಯಾರೋ ಗೊರಕೆ ಹೊಡೆಯುತ್ತಿದ್ದಾರೆ, ಏನು ಮಾಡುತ್ತೀರಿ?” ಎಂದು ಅವರು ಕೇಳುತ್ತಾರೆ. ನಿಮ್ಮ ಪಾತ್ರ ಏನು ಮಾಡುತ್ತದೆಂದು ನೀವು ಹೇಳುತ್ತೀರಿ. ಕೆಲಸ ಕೈಗೂಡುವುದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ 20 ಮುಖದ ದಾಳ ಉರುಳುತ್ತದೆ. ಆಟ ಇಷ್ಟೇ.

ಮೊದಲ ದಿನ ಪಾತ್ರ ಆರಿಸಿಕೊಳ್ಳುವಾಗ ಏನಾಗುತ್ತದೆ ಗೊತ್ತೇ? ಒಬ್ಬರು ಕತ್ತಿ ಹಿಡಿದ ಫೈಟರ್ ಬೇಕೆನ್ನುತ್ತಾರೆ. ಇನ್ನೊಬ್ಬರು ಬೆಂಕಿಯುಂಡೆ ಎಸೆಯುವ ವಿಜರ್ಡ್ ಬೇಕೆನ್ನುತ್ತಾರೆ. ಮೂರನೆಯವರು ಮುಸುಕು ಹಾಕಿಕೊಂಡು, ಹೆಂಡದಂಗಡಿಯ ಮೂಲೆಯಲ್ಲಿ ಯಾರೊಡನೆಯೂ ಮಾತಾಡದೆ ಕುಳಿತಿರುವ ರೋಗ್ ಎಂಬ ಕಳ್ಳನನ್ನು ಆರಿಸಿಕೊಳ್ಳುತ್ತಾರೆ. ತಂದೆ ತಾಯಿ ಸತ್ತಿರುತ್ತಾರೆ, ಲೋಕದ ಮೇಲೆ ಸಿಟ್ಟಿರುತ್ತದೆ. ಈ ಒಂಟಿ ಪಾತ್ರ ನನಗೆ ಹಿಡಿಸುವುದಿಲ್ಲ. ನಾಲ್ಕು ಜನ ಕೂಡಿ ಆಡುವ ಆಟಕ್ಕೆ ಬಂದು ಯಾರ ಜೊತೆಗೂ ಬೆರೆಯದವನಾಗಿ ಕೂರುವುದರಲ್ಲಿ ಏನು ಸುಖ? ಎಲ್ಲರೂ ಆರಿಸಿ ಮುಗಿದ ಮೇಲೆ ಮೇಜಿನ ಸುತ್ತ ಒಂದು ಮೌನ. ಆಮೇಲೆ ಒಬ್ಬರು ಮೆಲ್ಲನೆ ಕೇಳುತ್ತಾರೆ: “ಕ್ಲೆರಿಕ್ ಯಾರು ಆಡುತ್ತೀರಿ?” ಎಲ್ಲರೂ ತಮ್ಮ ತಮ್ಮ ಹಾಳೆ ನೋಡಿಕೊಳ್ಳುತ್ತಾರೆ.

ಆಗ ನೀವು ಕೈ ಎತ್ತಿ. ಬೇರೆ ಯಾರೂ ಒಪ್ಪಲಿಲ್ಲವೆಂದು ಎತ್ತಬೇಡಿ, ಅದು ಆ ಮೇಜಿನ ಅತ್ಯುತ್ತಮ ಜಾಗವೆಂದು ಎತ್ತಿ.

ಕ್ಲೆರಿಕ್ ಎಂದರೆ ಕವಚ ತೊಟ್ಟು, ಗದೆ ಹಿಡಿದು, ದೇವರಿಂದ ಶಕ್ತಿ ಪಡೆಯುವ ಯೋಧ. ತಡವಾಗಿ ಬಂದು ಸೇರಿಕೊಂಡ ಪಾತ್ರವೂ ಇದಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿದಾಗ ಅದರಲ್ಲಿ ಇದ್ದ ಪಾತ್ರವರ್ಗಗಳು ಮೂರೇ: ಹೋರಾಟಗಾರ, ಮಂತ್ರಗಾರ, ಕ್ಲೆರಿಕ್. ಕಳ್ಳ ಬಂದದ್ದು ಮರುವರ್ಷ, ಗ್ರೇಹಾಕ್ ಎಂಬ ಪುರವಣಿಯಲ್ಲಿ. ಕ್ಲೆರಿಕ್ ಹುಟ್ಟಿದ ಕತೆಯೂ ಸೊಗಸಾಗಿದೆ. ಆ ನಿಯಮಗಳು ಅಚ್ಚಾಗುವ ಮೊದಲು ಆರ್ನೆಸನ್ ಬ್ಲ್ಯಾಕ್‌ಮೂರ್ ಎಂಬ ಲೋಕದಲ್ಲಿ ಗೆಳೆಯರನ್ನು ಕೂಡಿಸಿ ಆಡಿಸುತ್ತಿದ್ದರು. ಅಲ್ಲಿ ಒಬ್ಬ ಆಟಗಾರನ ಪಾತ್ರ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿಯಾಯಿತು. ಅವನ ಬಲ ಬೆಳೆಯುತ್ತ ಬೆಳೆಯುತ್ತ ಯಾರ ಕೈಗೂ ಸಿಗದಂತಾಯಿತು. ಅವನನ್ನು ತಡೆಯಲೆಂದು ಪಿಶಾಚಿಗಳನ್ನು ಎದುರಿಸಬಲ್ಲ ಅರ್ಚಕನನ್ನು ಆಟಕ್ಕೆ ತಂದರು. ಜೊತೆಯವರಿಗೆ ಸಂಕಟ ಬಂದಾಗ ಹುಟ್ಟಿದ ಪಾತ್ರ ಇದು.

ಈಗ ನನ್ನದೊಂದು ಅನುಭವ ಹೇಳುತ್ತೇನೆ. ಸ್ವಲ್ಪ ದೀರ್ಘವಾದರೂ ಕೇಳಿ, ನನ್ನ ಮಾತಿನ ತಿರುಳು ಅದರಲ್ಲೇ ಇದೆ.

ಈ ಆಟದ 2014ರ ಐದನೆಯ ಆವೃತ್ತಿಯ ನಿಯಮಗಳಲ್ಲಿ ಆಡುತ್ತಿದ್ದೆವು. ನಾವು ನಾಲ್ವರು, ಆಡುತ್ತ ಆಡುತ್ತ ಎಲ್ಲರ ಪಾತ್ರಗಳೂ ಮೂರನೆಯ ಹಂತಕ್ಕೆ ಏರಿದ್ದವು. ಪಾಳುಬಿದ್ದ ಗಣಿಯೊಳಗೆ ಇಳಿದಿದ್ದೆವು. ದಿನವಿಡೀ ಕಾದಾಡಿ ನನ್ನ ಮಂತ್ರಶಕ್ತಿಯೆಲ್ಲ ಮುಗಿಯುತ್ತ ಬಂದಿತ್ತು, ಮೊದಲ ಹಂತದ ಯಾವುದಾದರೂ ಒಂದು ಮಂತ್ರವನ್ನು ಒಂದೇ ಒಂದು ಸಲ ಹಾಕುವಷ್ಟು ಉಳಿದಿತ್ತು. ಆಗ ಓಗರ್ ಎದುರಾಯಿತು. ಮರದ ಬೊಡ್ಡೆಯಂಥ ದೊಣ್ಣೆ ಹಿಡಿದ ದೈತ್ಯ. ಎರಡು ಏಟಿಗೆ ನಮ್ಮ ಫೈಟರ್‌ನ ಹಿಟ್ ಪಾಯಿಂಟ್, ಅಂದರೆ ಪ್ರಾಣಬಲದ ಅಂಕ, ಸೊನ್ನೆಗೆ ಇಳಿದು ಅವನು ನೆಲಕ್ಕೆ ಬಿದ್ದ. ವಿಜರ್ಡ್ ಮತ್ತು ರೋಗ್ ಇಬ್ಬರೂ ಗೋಡೆಗೆ ಒತ್ತಿಕೊಂಡು ಹಿಂದೆ ಸರಿಯುತ್ತಿದ್ದರು.

ಸೊನ್ನೆಗೆ ಇಳಿದವರು ಪ್ರತಿ ಸರದಿಯಲ್ಲೂ 20 ಮುಖದ ದಾಳ ಹಾಕಬೇಕು. 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಸೋಲಾದರೆ ಪಾತ್ರ ಸತ್ತಂತೆ. ನಮ್ಮ ಫೈಟರ್‌ನ ಮೊದಲ ಗರ ಸೋತಿತು. ಎರಡನೆಯದೂ ಸೋತಿತು. ಆಡುತ್ತಿದ್ದ ಗೆಳತಿ ದಾಳವನ್ನು ಕೈಯಲ್ಲಿ ಹಿಡಿದುಕೊಂಡು ಮಾತಿಲ್ಲದೆ ಕುಳಿತಿದ್ದಳು. ಇನ್ನೊಂದು ಬಾರಿ ಹಾಕಿದರೆ ಅವನು ಸಾಯುವ ಸಂಭವ ಶೇಕಡಾ 45. ವರ್ಷವಿಡೀ ಆಡಿದ ಪಾತ್ರ ಅದು.

ಅಷ್ಟರಲ್ಲಿ ನನ್ನ ಸರದಿ ಬಂತು. ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು: “ಹೊಡಿ!” ಅವರ ಲೆಕ್ಕವೂ ತಪ್ಪೇನಲ್ಲ. ಗೈಡಿಂಗ್ ಬೋಲ್ಟ್ ಎಂಬ ಬೆಳಕಿನ ಬಾಣ ನನ್ನ ಬಳಿ ಇತ್ತು. ತಗುಲಿದರೆ ಆರು ಮುಖದ ನಾಲ್ಕು ದಾಳಗಳಷ್ಟು ಪೆಟ್ಟು. ಓಗರ್ ಆಗಲೇ ಸಾಕಷ್ಟು ಗಾಯಗೊಂಡಿತ್ತು. ಆದರೆ ಬಾಣ ಗುರಿ ತಪ್ಪಿದರೆ? ನಾನು ಹೀಲಿಂಗ್ ವರ್ಡ್ ಆರಿಸಿದೆ. 60 ಅಡಿ ದೂರದಿಂದ ಒಂದು ಮಾತು ಹೇಳಿದರೆ ಗಾಯ ಮಾಯುವ ಮಂತ್ರ. ಅದಕ್ಕೆ ನಾಲ್ಕು ಮುಖದ ಒಂದು ದಾಳ ಹಾಕಬೇಕು. ಹಾಕಿದೆ. ಒಂದು ಬಿತ್ತು. ಅದಕ್ಕಿಂತ ಕಡಿಮೆ ಬೀಳುವಂತೆಯೇ ಇಲ್ಲ. ನನ್ನ ಪಾತ್ರದ ವಿವೇಕಕ್ಕೆ ಸಿಗುವ ಮೂರು ಅಂಕ ಸೇರಿ ಒಟ್ಟು ನಾಲ್ಕು. ಮೇಜಿನ ಆಚೆಯಿಂದ ನಿಟ್ಟುಸಿರು ಕೇಳಿಸಿತು. “ನಾಲ್ಕೇ?” ಎಂದರು.

ನಾಲ್ಕು ಸಾಕು! ಈ ಆಟದಲ್ಲಿ ಹಿಟ್ ಪಾಯಿಂಟ್ ಒಂದಿದ್ದರೂ ನಲವತ್ತಿದ್ದರೂ ಕತ್ತಿಯ ಏಟಿನ ಬಲ ಒಂದೇ. ಸೊನ್ನೆಯಲ್ಲಿ ಬಿದ್ದವನು ಏನೂ ಮಾಡಲಾರ. ಒಂದಕ್ಕೆ ಏರಿದವನು ಎಲ್ಲವನ್ನೂ ಮಾಡಬಲ್ಲ. ನಾನು ಅವನಿಗೆ ಕೊಟ್ಟದ್ದು ಹೆಸರಿಗೆ ನಾಲ್ಕು ಪಾಯಿಂಟ್, ನಿಜವಾಗಿ ಒಂದು ಇಡೀ ಸರದಿ. ಓಗರ್‌ನ ಸರದಿಗೆ ಮೊದಲೇ ಫೈಟರ್‌ನ ಸರದಿ ಬಂತು. ಅವನು ಎದ್ದು ನಿಂತ, ಕತ್ತಿ ಎತ್ತಿಕೊಂಡ, ಬೀಸಿದ. ತಪ್ಪಿತು. ಫೈಟರ್‌ಗೆ ಆಕ್ಷನ್ ಸರ್ಜ್ ಎಂಬ ಶಕ್ತಿಯಿದೆ, ಅದೇ ಸರದಿಯಲ್ಲಿ ಮತ್ತೊಮ್ಮೆ ಹೊಡೆಯಬಹುದು. ಗೆಳತಿ ಎರಡನೆಯ ಸಲ ದಾಳ ಉರುಳಿಸಿದಳು. 17 ಬಿತ್ತು. ಓಗರ್ ಉರುಳಿತು. ಅವಳು ಕುರ್ಚಿಯಿಂದ ಎದ್ದು ಕೂಗಿದಳು, ನಾವೆಲ್ಲ ಕೂಗಿದೆವು. ಆ ಗೆಲುವು ಅವಳದು, ಪೂರ್ತಿಯಾಗಿ ಅವಳದು. ಆದರೆ ಅದನ್ನು ನೋಡುತ್ತ ಕುಳಿತ ನನಗೆ ಆದಷ್ಟು ಸಂತೋಷ, ನಾನೇ ಕೊಂದ ಯಾವ ಡ್ರ್ಯಾಗನ್‌ನಿಂದಲೂ ಆಗಿಲ್ಲ. ಅದಕ್ಕೇ ಹೇಳುತ್ತೇನೆ, ಕ್ಲೆರಿಕ್ ಆಡಿ.

ಸಮಯ ಮುಗಿಯುತ್ತ ಬಂದಿದೆ, ಹೇಳಬೇಕೆಂದುಕೊಂಡ ಉಳಿದದ್ದನ್ನು ಬೇಗ ಹೇಳುತ್ತೇನೆ.

ಕ್ಲೆರಿಕ್ ಎಂದರೆ ಉಪದೇಶ ಮಾಡುವ ಸಪ್ಪೆ ಪಾತ್ರವೆಂಬ ಮಾತನ್ನು ದಯವಿಟ್ಟು ಬಿಡಿ. 2014ರ ಆಟಗಾರರ ಕೈಪಿಡಿಯಲ್ಲಿ ಕ್ಲೆರಿಕ್‌ಗೆ ಏಳು ಮಾರ್ಗಗಳಿವೆ. ಬಿರುಗಾಳಿಯ ದೇವರನ್ನು ನಂಬಿದವನು ಸಿಡಿಲು ಹೊಡೆಯುತ್ತಾನೆ. ವಂಚನೆಯ ದೇವರನ್ನು ನಂಬಿದವಳು ತನ್ನದೇ ಮಾಯಾರೂಪವನ್ನು ನಿಲ್ಲಿಸಿ ವೈರಿಯ ಕಣ್ಣು ಕಟ್ಟುತ್ತಾಳೆ. ಆ 2014ರ ನಿಯಮಗಳಲ್ಲಿ ಹತ್ತನೆಯ ಹಂತಕ್ಕೆ ಬಂದರೆ ನೇರವಾಗಿ ದೇವರನ್ನೇ ಕೂಗಿ ಕರೆಯಬಹುದು. ನೂರರ ಗರ ಹಾಕಿ, ನಿಮ್ಮ ಹಂತದಷ್ಟು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ದೇವರು ಓಗೊಡುತ್ತಾನೆ. ಅಂದರೆ ಹತ್ತನೆಯ ಹಂತದಲ್ಲಿ ಶೇಕಡಾ 10. ನಿಮ್ಮ ನಂಬಿಕೆಯನ್ನು ಮೇಜಿನ ಮೇಲೆ ಎಲ್ಲರೆದುರು ದಾಳವಾಗಿ ಉರುಳಿಸುವ ಅವಕಾಶ ಬೇರೆ ಯಾವ ಪಾತ್ರಕ್ಕಿದೆ?

ಬಾರ್ಡ್, ಡ್ರೂಯಿಡ್, ಪ್ಯಾಲಡಿನ್ ಇವರೂ ಗಾಯ ಮಾಯಿಸುತ್ತಾರೆ. ಕ್ಲೆರಿಕ್ ಬೇಡವೇ ಬೇಡ ಎನ್ನುವವರು ಇವರಲ್ಲಿ ಒಬ್ಬರನ್ನು ಆಡಿ, ಅದೂ ಒಳ್ಳೆಯದೇ.

ಕೊನೆಯದಾಗಿ, ಮೊದಲ ಸಲ ಆಡುವವರಿಗೆ ಒಂದು ಕಿವಿಮಾತು. ಬ್ಲೆಸ್ ಎಂಬ ಮಂತ್ರವನ್ನು ತಪ್ಪದೆ ಇಟ್ಟುಕೊಳ್ಳಿ. ಮೂವರನ್ನು ಹರಸಿದರೆ, ಅವರು ವೈರಿಯನ್ನು ಹೊಡೆಯಲು ಹಾಕುವ ಪ್ರತಿ ಗರಕ್ಕೂ ನಾಲ್ಕು ಮುಖದ ಇನ್ನೊಂದು ದಾಳದ ಅಂಕ ಸೇರುತ್ತದೆ. ಆದರೆ ಹರಸಿಕೊಂಡವರು ಅದನ್ನು ಮರೆಯುತ್ತಾರೆ. ಪ್ರತಿ ಸಲವೂ ಮರೆಯುತ್ತಾರೆ! ಆದ್ದರಿಂದ ಬಾಯಲ್ಲಿ ಹೇಳಿ ಬಿಡಬೇಡಿ. ನಾಲ್ಕು ಮುಖದ ಮೂರು ದಾಳಗಳನ್ನು ನಿಮ್ಮದೇ ಚೀಲದಲ್ಲಿ ಇಟ್ಟುಕೊಂಡಿರಿ. ಮಂತ್ರ ಹಾಕಿದಾಗ ಎದ್ದು ಹೋಗಿ, ಒಬ್ಬೊಬ್ಬರ ಹಾಳೆಯ ಮೇಲೆ ಒಂದೊಂದನ್ನು ಇಟ್ಟು ಬನ್ನಿ. ಒಂದರಿಂದಲೋ ಎರಡರಿಂದಲೋ ಗುರಿ ತಪ್ಪಿತೆಂದು ಅವರು ಮುಖ ಸಣ್ಣದು ಮಾಡಿಕೊಳ್ಳುವ ಹೊತ್ತಿಗೆ ಆ ಪುಟ್ಟ ದಾಳ ಅವರ ಕಣ್ಣಿಗೆ ಬೀಳುತ್ತದೆ. ಅದನ್ನು ಉರುಳಿಸುವ ಮೊದಲು ಅವರು ತಲೆ ಎತ್ತಿ ನಿಮ್ಮತ್ತ ನೋಡುತ್ತಾರೆ.

ನಮಸ್ಕಾರ.