ಡಬ್ಬಿಗೆ ಕೊಡುವ ರೊಕ್ಕ ಸಂತೆಗೆ ಕೊಡಿ

ಎಲ್ಲರಿಗೂ ನಮಸ್ಕಾರ್ರೀ.

ಇವತ್ತು ನಮ್ಮ ಕಾಕಾನ ವಿಷಯದಿಂದಲೇ ಶುರು ಮಾಡುತ್ತೇನೆ. ಬ್ಯಾಡಗಿ ಹತ್ತಿರ ಒಂದು ಹಳ್ಳಿ, ಅಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ. ವಯಸ್ಸು 63. ಮೂವತ್ತು ವರ್ಷದಿಂದ ಬೀಡಿ ಸೇದುವವರು. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಬಿಪಿ ಗುಳಿಗೆ ತಗೊಳ್ಳುತ್ತಿದ್ದರು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ, ಗುಳಿಗೆ ಇಡುವ ಮಾಡದಲ್ಲಿ ಗುಳಿಗೆ ಇಲ್ಲ. ಅದರ ಜಾಗದಲ್ಲಿ ಒಂದು ಕಂದು ಬಣ್ಣದ ಡಬ್ಬಿ ಇದೆ. ಡಬ್ಬಿಯ ಮೇಲೆ ಹೃದಯ, ಲಿವರ್, ಕಿಡ್ನಿ, ಕಣ್ಣು, ಎಲ್ಲದರ ಚಿತ್ರ. ಒಂದೊಂದರ ಪಕ್ಕದಲ್ಲೂ ಹಸಿರು ರೈಟ್ ಗುರುತು. ಮೇಲೆ ದಪ್ಪ ಅಕ್ಷರದಲ್ಲಿ ‘ಆಂಟಿಆಕ್ಸಿಡೆಂಟ್’. ಪರಿಚಯದವರೊಬ್ಬರು ಮನೆತನಕ ಬಂದು ಕೊಟ್ಟು ಹೋಗಿದ್ದಾರೆ. ತಿಂಗಳಿಗೆ 2,400 ರೂಪಾಯಿ.

ಕಾಕಾ ಭಾಳ ಖುಷಿಯಲ್ಲಿದ್ದರು. “ಇದೊಂದ ತಗೊಂಡ್ರ ಒಳಗಿಂದ ಎಲ್ಲಾ ಸ್ವಚ್ಛ ಆಗತೈತಂತವಾ. ಬಿಪಿ ಗುಳಿಗಿ ಇನ್ನ ಬ್ಯಾಡ ಅಂದಾರ” ಅಂದರು.

ನನ್ನ ಕೈಕಾಲು ತಣ್ಣಗಾದವು. ಪಕ್ಕದ ಊರಿನ ದವಾಖಾನೆಗೆ ಕರೆದುಕೊಂಡು ಹೋಗಿ ಬಿಪಿ ನೋಡಿಸಿದರೆ 178 ಮೇಲೆ, 104 ಕೆಳಗೆ. ಡಾಕ್ಟರ್ ಅವತ್ತೇ ಹಳೆಯ ಗುಳಿಗೆ ಮತ್ತೆ ಶುರು ಮಾಡಿಸಿದರು.

ನಾನು ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವಳು. ಈ ‘ಆಂಟಿಆಕ್ಸಿಡೆಂಟ್’ ಅನ್ನುವ ಪದವನ್ನು ದಿನಕ್ಕೆ ಎಷ್ಟು ಸಲ ಕೇಳುತ್ತೇನೋ ಲೆಕ್ಕವಿಲ್ಲ. ಪದ ಸುಳ್ಳಲ್ಲ. ಅದು ಮಾಡುವ ಕೆಲಸವೂ ಸುಳ್ಳಲ್ಲ. ಆದರೆ ಆ ಕೆಲಸ ನಡೆಯುವುದು ಡಬ್ಬಿಯಲ್ಲಿ ಅಲ್ಲ. ಬಹುಪಾಲು ನಿಮ್ಮ ಮೈಯೊಳಗೇ ನಡೆಯುತ್ತದೆ. ಅದಕ್ಕೆ ಬೇಕಾದ ಸಾಮಾನು ನಮ್ಮ ಸಂತೆಯಲ್ಲಿ ಸಿಗುತ್ತದೆ. ಇವತ್ತು ನಾನು ಹೇಳಬೇಕಾಗಿರುವುದು ಇದೇ.

ಮೊದಲು ಆಕ್ಸಿಡೇಶನ್ ಅಂದರೆ ಏನು ಅಂತ ನಮ್ಮ ಅಡುಗೆಮನೆಯಲ್ಲೇ ನೋಡೋಣ. ಎಣಗಾಯಿ ಮಾಡಲು ಬದನೆಕಾಯಿ ಸೀಳಿ ಹಾಗೇ ಬಿಟ್ಟರೆ ಒಳಗಡೆ ಕಪ್ಪಾಗುತ್ತದೆ. ಅದಕ್ಕೇ ಉಪ್ಪು ನೀರಿನಲ್ಲಿ ಹಾಕಿಡುತ್ತೇವೆ. ಶೇಂಗಾ ಚಟ್ನಿ ಪುಡಿಯ ಮುಚ್ಚಳ ಸಡಿಲ ಇದ್ದರೆ ಬೇಸಿಗೆಯಲ್ಲಿ ಕಮಟು ವಾಸನೆ ಬರುತ್ತದೆ, ಅಲ್ವಾ? ಎರಡೂ ಗಾಳಿಯಲ್ಲಿರುವ ಆಮ್ಲಜನಕದ ಕೆಲಸ. ಶೇಂಗಾದ ಎಣ್ಣೆಯಲ್ಲಿ ಒಂದು ಕಣ ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಪಕ್ಕದ್ದು ಅದರಾಚೆಯದನ್ನು. ಹೀಗೆ ಸಾಲಾಗಿ ಕೆಡುತ್ತಾ ಹೋಗುತ್ತದೆ.

ಮೈಯೊಳಗೂ ಇದು ನಡೆಯುತ್ತದೆ. ನಮ್ಮ ಜೀವಕೋಶಗಳು ಉಂಡ ಅನ್ನವನ್ನು ಆಮ್ಲಜನಕ ಬಳಸಿ ಉರಿಸಿ ಶಕ್ತಿ ತೆಗೆಯುತ್ತವೆ. ಒಲೆ ಉರಿದರೆ ಕಿಡಿ ಸಿಡಿಯಲೇಬೇಕು. ಆ ಕಿಡಿಗಳಿಗೆ ಫ್ರೀ ರಾಡಿಕಲ್ ಅನ್ನುತ್ತಾರೆ. ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಕಣ ಅದು. ಪಕ್ಕದ ಕಣದಿಂದ ಇನ್ನೊಂದನ್ನು ಕಿತ್ತುಕೊಳ್ಳಲು ನೋಡುತ್ತದೆ. ತಾನೇ ಒಂದು ಎಲೆಕ್ಟ್ರಾನ್ ಕೊಟ್ಟು ಆ ಜಗಳ ನಿಲ್ಲಿಸುವ ವಸ್ತುವೇ ಆಂಟಿಆಕ್ಸಿಡೆಂಟ್.

ಬ್ಯಾಡಗಿ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಯೇ ಇಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು, ಅಂದರೆ ಇದು ಈ ಸೀಮೆಯದ್ದೇ ಬೆಳೆ ಅನ್ನುವ ಗುರುತು ಸಿಕ್ಕಿತು. ಅದರ ಹೆಸರು ಇರುವುದೇ ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಜಾಸ್ತಿ. ಆ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಅನ್ನುವ ವಸ್ತು, ಅದೂ ಒಂದು ಆಂಟಿಆಕ್ಸಿಡೆಂಟ್. ಒಣಗಿದ ಕಾಯಿಯನ್ನು ಬೆಳಕು, ಬಿಸಿ, ಗಾಳಿಯಲ್ಲಿ ಬಿಟ್ಟರೆ ಕೆಂಪು ಹೋಗಿ ಮಂಕಾಗುತ್ತದೆ. ಆಮ್ಲಜನಕದ ಪೆಟ್ಟನ್ನು ಆ ಬಣ್ಣ ತಾನು ತಿನ್ನುತ್ತದೆ, ತಿಂದು ತಾನೇ ಮುಗಿದು ಹೋಗುತ್ತದೆ. ಅದಕ್ಕೇ ಅಲ್ವಾ ಬ್ಯಾಡಗಿಯ ಸುತ್ತ ಅಷ್ಟು ಕೋಲ್ಡ್ ಸ್ಟೋರೇಜ್ ಇರುವುದು! ಕಾಕಾನ ಹತ್ತಿರವೂ ಇದನ್ನೇ ಹೇಳಿದೆ. “ಕಾಕಾ, ನೀವು ಚೀಲ ಯಾಕ ಕೋಲ್ಡ್ ಸ್ಟೋರೇಜಿಗೆ ಹಾಕ್ತೀರಿ? ಬಣ್ಣ ಉಳೀಲಿ ಅಂತ. ಆ ಬಣ್ಣ ನಿಮ್ಮ ಹೊಲದಾಗ ಬೆಳೀತೈತಿ” ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಮೆಣಸಿನಕಾಯಿಗೂ ಈ ವಿಷಯಕ್ಕೂ ಇನ್ನೊಂದು ನಂಟು ಇದೆ. ವಿಟಮಿನ್ ಸಿ ಮೊದಲು ಕಿಲೋಗಟ್ಟಲೆ ಸಿಕ್ಕಿದ್ದು ಕಿತ್ತಳೆಯಿಂದ ಅಲ್ಲ, ಮೆಣಸಿನಕಾಯಿಯ ಜಾತಿಯಿಂದಲೇ. ಆಲ್ಬರ್ಟ್ ಸೆಂಟ್-ಜಾರ್ಜಿ ಅನ್ನುವ ವಿಜ್ಞಾನಿ ಹಂಗೇರಿಯ ಸೆಗೆಡ್ ಊರಿನಲ್ಲಿದ್ದರು. ಆ ಊರು ಪ್ಯಾಪ್ರಿಕಾ ಅನ್ನುವ ಕೆಂಪು ಮೆಣಸಿನಕಾಯಿಗೆ ಪ್ರಸಿದ್ಧ. ಒಂದು ರಾತ್ರಿ ಹೆಂಡತಿ ಬಡಿಸಿದ ಪ್ಯಾಪ್ರಿಕಾ ತಿನ್ನಲು ಮನಸ್ಸಿಲ್ಲದೆ ಅದನ್ನು ಲ್ಯಾಬಿಗೆ ಒಯ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ನೋಡಿದರೆ ಅದರ ತುಂಬ ವಿಟಮಿನ್ ಸಿ. 1937ರಲ್ಲಿ ನೊಬೆಲ್ ಬಂತು. ಆದರೆ ಒಂದು ಮಾತು, ಇದು ಹಸಿ ಕಾಯಿಯ ಕಥೆ. ಒಣಗಿಸಿದಾಗ ವಿಟಮಿನ್ ಸಿ ಬಹುಪಾಲು ಹೋಗುತ್ತದೆ, ಉಳಿಯುವುದು ಬಣ್ಣ.

ಈಗ ಮೈಯೊಳಗಿನ ಕಾವಲಿನ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಬೆರಗು ಅನಿಸುವುದು ಇದೇ.

ಚಿಕ್ಕವರಿದ್ದಾಗ ಮಂಡಿ ತರಚಿದರೆ ದವಾಖಾನೆಯಲ್ಲಿ ನೀರಿನಂಥ ಔಷಧಿ ಹಾಕುತ್ತಿದ್ದರು, ನೆನಪಿದೆಯಾ? ಹಾಕಿದ ಕೂಡಲೇ ಗಾಯದ ಮೇಲೆ ಬುಸ್ಸಂತ ಬಿಳಿ ನೊರೆ ಏಳುತ್ತಿತ್ತು. ಅದು ಹೈಡ್ರೋಜನ್ ಪೆರಾಕ್ಸೈಡ್. ಮೈಯೊಳಗಿನ ಕಿಡಿಗಳಿಂದಲೂ ಇದೇ ವಸ್ತು ಹುಟ್ಟುತ್ತದೆ. ಆ ನೊರೆ ಎಬ್ಬಿಸಿದ್ದು ಔಷಧಿಯಲ್ಲ, ನಿಮ್ಮ ರಕ್ತ. ರಕ್ತದಲ್ಲಿ, ಜೀವಕೋಶಗಳಲ್ಲಿ ಕ್ಯಾಟಲೇಸ್ ಅನ್ನುವ ಕಿಣ್ವ, ಅಂದರೆ ಮೈಯೊಳಗಿನ ಕೆಲಸ ಬೇಗ ಮಾಡಿಸುವ ಪ್ರೋಟೀನ್ ಇದೆ. ಪೆರಾಕ್ಸೈಡನ್ನು ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಒಂದೇ ಒಂದು ಕ್ಯಾಟಲೇಸ್ ಕಣ ಒಂದು ಸೆಕೆಂಡಿನಲ್ಲಿ ಲಕ್ಷಾಂತರ ಪೆರಾಕ್ಸೈಡ್ ಕಣಗಳನ್ನು ಮುಗಿಸುತ್ತದೆ. ಮುಗಿಸಿ ತಾನು ಹಾಗೇ ಉಳಿಯುತ್ತದೆ. ಗುಳಿಗೆಯಲ್ಲಿರುವ ವಿಟಮಿನ್ ಇಯ ಒಂದು ಕಣ ಒಂದೆರಡು ಕಿಡಿ ಹಿಡಿಯುವಷ್ಟರಲ್ಲಿ ಖರ್ಚಾಗುತ್ತದೆ. ಮತ್ತೆ ತಯಾರಾಗಲು ವಿಟಮಿನ್ ಸಿ ಬಂದು ಕೈ ಹಿಡಿಯಬೇಕು. ಹೋಲಿಸಿ ನೋಡಿ, ಯಾರ ಮೇಲೆ ನಂಬಿಕೆ ಇಡುತ್ತೀರಿ?

ಕ್ಯಾಟಲೇಸಿನ ಜೊತೆಗೆ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಅಂತ ಇನ್ನೊಂದಿದೆ. 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಕಂಡುಹಿಡಿದರು. ಇದನ್ನೂ ಡಬ್ಬಿಯಲ್ಲಿ ಮಾರುತ್ತಾರೆ. ಹೊಟ್ಟೆಗೆ ಹೋದರೆ ಅದು ಬೇರೆ ಪ್ರೋಟೀನಿನ ಹಾಗೆಯೇ ಜೀರ್ಣವಾಗಿ ಹೋಗುತ್ತದೆ. ಆದರೆ ಇದನ್ನು ಕಟ್ಟಲು ಮೈಗೆ ಸತು, ತಾಮ್ರ, ಮ್ಯಾಂಗನೀಸ್ ಬೇಕು. ಕಾಳುಕಡಿ, ಎಳ್ಳು, ಶೇಂಗಾ, ಜೋಳ ಇವುಗಳಲ್ಲಿ ಅವು ಇವೆ.

ಲಿವರ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ‘ಲಿವರ್ ಕ್ಲೀನ್ ಮಾಡೋ ಔಷಧಿ ಕೊಡ್ರೀ’ ಅಂತ ವಾರಕ್ಕೆ ಹತ್ತು ಜನ ಬರುತ್ತಾರೆ. ಲಿವರ್ ತನ್ನ ಆಂಟಿಆಕ್ಸಿಡೆಂಟನ್ನು ತಾನೇ ತಯಾರಿಸುತ್ತದೆ. ಹೆಸರು ಗ್ಲುಟಾಥಯೋನ್. ಮೂರು ಅಮೈನೋ ಆಮ್ಲ ಸೇರಿ ಆಗುವುದು, ಅಂದರೆ ಪ್ರೋಟೀನಿನಿಂದ. ಹೆಸರುಕಾಳಿನ ಪಲ್ಯ, ಮಡಕಿ ಕಾಳು, ತೊಗರಿಬೇಳೆ, ಮೊಸರು, ಮೊಟ್ಟೆ, ಇವೇ ಅದರ ಕಚ್ಚಾ ಸಾಮಾನು. ಬರೀ ಅನ್ನ, ತಿಳಿಸಾರು ಉಂಡು, ಮೇಲೆ ದುಬಾರಿ ಸಿರಪ್ ಕುಡಿದರೆ ಏನು ಉಪಯೋಗ?

ಈ ಗ್ಲುಟಾಥಯೋನ್ ಎಷ್ಟು ಮುಖ್ಯ ಅಂತ ಪ್ಯಾರಾಸಿಟಮಾಲ್ ತೋರಿಸುತ್ತದೆ. ಹೇಳಿದಷ್ಟೇ ತಗೊಂಡರೆ ಒಳ್ಳೆಯ ಗುಳಿಗೆ. ಮಿತಿ ಮೀರಿ ನುಂಗಿದರೆ ಲಿವರಿನಲ್ಲಿ ಒಂದು ವಿಷ ಜಾಸ್ತಿ ಹುಟ್ಟುತ್ತದೆ. ಅದನ್ನು ಹಿಡಿಯಲು ಹೋಗಿ ಗ್ಲುಟಾಥಯೋನ್ ಖಾಲಿಯಾಗುತ್ತದೆ. ಆಮೇಲೆ ಲಿವರ್ ಸುಟ್ಟ ಹಾಗೆ. ಆಗ ಆಸ್ಪತ್ರೆಯಲ್ಲಿ ಅಸಿಟೈಲ್‌ಸಿಸ್ಟೀನ್ ಕೊಡುತ್ತಾರೆ. ಅದು ಗ್ಲುಟಾಥಯೋನ್ ಮತ್ತೆ ತುಂಬಿಸುತ್ತದೆ, ಬೇಗ ಕೊಟ್ಟರೆ ಜೀವ ಉಳಿಸುತ್ತದೆ. ಆಂಟಿಆಕ್ಸಿಡೆಂಟ್ ಔಷಧಿ ಕೆಲಸ ಮಾಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸರಿಯಾದ ರೋಗಿಗೆ, ಸರಿಯಾದ ಹೊತ್ತಿಗೆ, ಡಾಕ್ಟರ ಕೈಯಲ್ಲಿ ಮಾಡುತ್ತದೆ.

ಕಣ್ಣೂ ಹಾಗೆಯೇ. ಕಣ್ಣಿನ ಹಿಂಭಾಗದ ನಟ್ಟನಡುವೆ ಒಂದು ಹಳದಿ ಚುಕ್ಕೆ ಇದೆ. ಆ ಹಳದಿ ಬಂದಿದ್ದು ಲ್ಯೂಟಿನ್, ಜಿಯಾಝಾಂಥಿನ್ ಅನ್ನುವ ಎರಡು ಬಣ್ಣಗಳಿಂದ. ಮೈ ಅವನ್ನು ತಯಾರಿಸಲಾರದು, ಊಟದಿಂದಲೇ ಬರಬೇಕು. ಮೆಂತ್ಯ, ಪಾಲಕ್, ರಾಜಗಿರಿಯಂಥ ಸೊಪ್ಪಿನಲ್ಲಿ ಲ್ಯೂಟಿನ್ ಬೇಕಾದಷ್ಟು ಇದೆ. ಹಳದಿ ಚುಕ್ಕೆ ಸವೆಯುವ ರೋಗ ಒಂದು ಹಂತ ತಲುಪಿದವರಿಗೆ ಕಣ್ಣಿನ ಡಾಕ್ಟರು ಇದರ ಗುಳಿಗೆ ಬರೆಯುತ್ತಾರೆ. ಎಲ್ಲರಿಗೂ ಅಲ್ಲ.

ಈಗ ಕಾಕಾನ ಡಬ್ಬಿಗೆ ಬರುತ್ತೇನೆ. ಅವತ್ತು ಅದನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಮೊದಲ ಸಾಲಿನಲ್ಲೇ ಬೀಟಾ ಕ್ಯಾರೊಟೀನ್. ಗಜ್ಜರಿಯಲ್ಲಿ ಇರುವುದೂ ಅದೇ, ಅದರಲ್ಲಿ ಹೆದರುವಂಥದ್ದು ಏನಿದೆ ಅನ್ನಬಹುದು. ಫಿನ್‌ಲೆಂಡಿನಲ್ಲೂ ವಿಜ್ಞಾನಿಗಳು ಹಾಗೇ ಅಂದುಕೊಂಡಿದ್ದರು. ತರಕಾರಿ ಜಾಸ್ತಿ ತಿನ್ನುವವರಿಗೆ ಪುಪ್ಪುಸದ ಕ್ಯಾನ್ಸರ್ ಕಡಿಮೆ ಅಂತ ಕಂಡಿತ್ತು. ಹಾಗಾದರೆ ಆ ಬೀಟಾ ಕ್ಯಾರೊಟೀನನ್ನೇ ಗುಳಿಗೆ ಮಾಡಿ ಕೊಡೋಣ ಅಂತ 29,133 ಜನ ಸಿಗರೇಟು ಸೇದುವ ಗಂಡಸರನ್ನು ಸೇರಿಸಿ ಪರೀಕ್ಷೆ ಮಾಡಿದರು. 1994ರಲ್ಲಿ ಫಲ ಬಂತು. ಬೀಟಾ ಕ್ಯಾರೊಟೀನ್ ತಗೊಂಡವರಲ್ಲಿ ಪುಪ್ಪುಸದ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿ. ಕಡಿಮೆ ಅಲ್ಲ, ಜಾಸ್ತಿ! ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಜನರ ಮೇಲೆ ಇಂಥದ್ದೇ ಪರೀಕ್ಷೆ ನಡೆಯುತ್ತಿತ್ತು. ಅವರು ಬೀಟಾ ಕ್ಯಾರೊಟೀನ್ ಜೊತೆ ವಿಟಮಿನ್ ಎ ಸೇರಿಸಿ ಕೊಡುತ್ತಿದ್ದರು. ಅಲ್ಲೂ ಕ್ಯಾನ್ಸರ್ ಜಾಸ್ತಿಯಾಗಿ 1996ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು.

ಮೂವತ್ತು ವರ್ಷ ಬೀಡಿ ಸೇದಿದ ನನ್ನ ಕಾಕಾ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

ವಿಟಮಿನ್ ಇ ಕೂಡ ಸಾಧು ಪ್ರಾಣಿ ಏನಲ್ಲ. ಜಾಸ್ತಿ ಡೋಸಿನಲ್ಲಿ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಿದ್ದು 2011ರಲ್ಲಿ ಗೊತ್ತಾಯಿತು. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರಿಗೆ ಅದು ರಕ್ತಸ್ರಾವದ ಅಪಾಯ ತರಬಹುದು. ವಿಟಮಿನ್ ಸಿ ಅತಿಯಾದರೆ ಸ್ವಲ್ಪ ಭಾಗ ಆಕ್ಸಲೇಟ್ ಅನ್ನುವ, ಕಲ್ಲು ಕಟ್ಟುವ ವಸ್ತುವಾಗಿ ಕಿಡ್ನಿಗೆ ಹೋಗುತ್ತದೆ. ಕಲ್ಲಿನ ನೋವು ಉಂಡವರು ಇದನ್ನು ಮರೆಯಬಾರದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕಿಡಿಗಳೆಲ್ಲ ಶತ್ರುಗಳಲ್ಲ. ಗಾಯಕ್ಕೆ ರೋಗಾಣು ಹೊಕ್ಕರೆ ಬಿಳಿ ರಕ್ತಕಣಗಳು ಇದೇ ಕಿಡಿಗಳನ್ನು ಉಗುಳಿ ಅವನ್ನು ಕೊಲ್ಲುತ್ತವೆ. ವ್ಯಾಯಾಮ ಮಾಡಿದಾಗ ಏಳುವ ಕಿಡಿ ನೋಡಿಯೇ ಮೈ ತನ್ನ ಕಾವಲು ಬಲಪಡಿಸಿಕೊಳ್ಳುತ್ತದೆ. ಪೂರ್ತಿ ಆರಿಸಿಬಿಡಬೇಕು ಅನ್ನುವುದೇ ತಪ್ಪು ಲೆಕ್ಕ.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು? ನಮ್ಮ ಆಯಿ ಬಡಿಸುತ್ತಿದ್ದ ತಟ್ಟೆ ಕಣ್ಣ ಮುಂದೆ ಬರುತ್ತದೆ. ಬಿಸಿ ಜೋಳದ ರೊಟ್ಟಿ. ಪಕ್ಕದಲ್ಲಿ ತೊಳೆದ ಹಸಿ ಮೆಂತ್ಯದ ನಾಲ್ಕು ಎಸಳು, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ. ಗುರೆಳ್ಳು ಚಟ್ನಿ, ನಡುವೆ ಕುಳಿ ಮಾಡಿ ಕುಸುಬಿ ಎಣ್ಣೆ. ಆಯಿಗೆ ಆಂಟಿಆಕ್ಸಿಡೆಂಟ್ ಪದ ಗೊತ್ತಿರಲಿಲ್ಲ. ಆದರೆ ಆ ಎಣ್ಣೆ ಇತ್ತಲ್ಲ, ಸೊಪ್ಪಿನ ಬಣ್ಣ, ಮೆಣಸಿನಕಾಯಿಯ ಬಣ್ಣ ಮೈಗೆ ಹತ್ತಬೇಕಾದರೆ ಅದು ಬೇಕೇ ಬೇಕು. ಅವು ಎಣ್ಣೆಯಲ್ಲಿ ಕರಗುವ ವಸ್ತುಗಳು. ಕುಸುಬಿ ಎಣ್ಣೆಯಲ್ಲಿ ವಿಟಮಿನ್ ಇ ಕೂಡ ಇದೆ. ಹಸಿ ತಪ್ಪಲಿನಲ್ಲಿ ವಿಟಮಿನ್ ಸಿ, ಅದು ಬೇಯಿಸಿದರೆ ಕಡಿಮೆಯಾಗುತ್ತದೆ. ಒಂದೇ ತಟ್ಟೆಯಲ್ಲಿ ಹಸಿಯೂ ಬೆಂದದ್ದೂ ಇದ್ದವು.

ಈಗ ಎಷ್ಟು ಮನೆಗಳಲ್ಲಿ ಆ ಹಸಿ ತಪ್ಪಲು ಉಳಿದಿದೆ? ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಜನತಾ ಬಜಾರಿನಲ್ಲಿ ಸಂಜೆ ಹಕ್ಕರಿಕೆ ಮಾರುವ ಅಜ್ಜಿ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಾ ಕೂತಿರುತ್ತಾಳೆ. ಹಾದು ಹೋಗುವವರು ಚೌಕಾಸಿ ಮಾಡುತ್ತಾರೆ. ಅದೇ ಜನ 2,400ರ ಡಬ್ಬಿಗೆ ಚೌಕಾಸಿ ಮಾಡುವುದಿಲ್ಲ.

ಧಾರವಾಡದ ಪೇರಲ ಹಣ್ಣಂತೂ ಮರೆಯಲೇಬೇಡಿ. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ. ಕಿತ್ತಳೆಯಲ್ಲಿ ಸುಮಾರು 50. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 100ರ ಒಳಗೆ. ಗಾಡಿಯ ಮುಂದೆ ನಿಂತು ಉಪ್ಪು ಖಾರ ಹಚ್ಚಿಸಿಕೊಂಡು ಒಂದು ಹಣ್ಣು ತಿಂದರೆ ಅವತ್ತಿನ ಲೆಕ್ಕ ಮುಗಿಯಿತು. ಬಿಪಿ ಇದ್ದವರು ಉಪ್ಪು ಬಿಡಿ. ತರಕಾರಿ, ಹಣ್ಣು ಸೇರಿ ದಿನಕ್ಕೆ 400 ಗ್ರಾಂ ಆದರೂ ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೂಗಿ ನೋಡಿ ಒಂದು ದಿನ. ಬಹಳ ಮನೆಗಳಲ್ಲಿ ಅರ್ಧವೂ ಆಗುವುದಿಲ್ಲ.

ಬೀಡಿ, ಸಿಗರೇಟು ಸೇದುತ್ತಾ ಆಂಟಿಆಕ್ಸಿಡೆಂಟ್ ಹುಡುಕುವವರಿಗೆ ಒಂದೇ ಮಾತು. ಒಂದೊಂದು ದಮ್ಮಿನ ಜೊತೆಗೂ ಲೆಕ್ಕವಿಲ್ಲದಷ್ಟು ಕಿಡಿಗಳು ಪುಪ್ಪುಸಕ್ಕೆ ಹೋಗುತ್ತವೆ. ಅದಕ್ಕೆ ಸರಿದೂಗುವ ಗುಳಿಗೆ ಇಲ್ಲ. ಕಾಕಾ ಡಬ್ಬಿ ಬಿಟ್ಟಿದ್ದಾರೆ, ಬಿಪಿ ಗುಳಿಗೆ ತಪ್ಪಿಸುತ್ತಿಲ್ಲ. ಬೀಡಿ ಮಾತ್ರ ದಿನಕ್ಕೆ ಮೂರಕ್ಕೆ ಬಂದು ನಿಂತಿದೆ. ಚಿಗವ್ವ ಫೋನ್ ಮಾಡಿದಾಗಲೆಲ್ಲ ನಾನು ಮೊದಲು ಕೇಳುವುದು ಅದನ್ನೇ.

ಈ ವಿಡಿಯೋ ನಿಲ್ಲಿಸಿದ ಕೂಡಲೇ ಒಂದು ಕೆಲಸ ಮಾಡಿ. ನಿಮ್ಮ ಅಪ್ಪನದೋ, ಅತ್ತೆಯದೋ ಅಂಥ ಡಬ್ಬಿ ಮನೆಯಲ್ಲಿ ಇದ್ದರೆ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಬೀಟಾ ಕ್ಯಾರೊಟೀನ್ ಇದ್ದು, ತಗೊಳ್ಳುವವರು ಸೇದುವವರೋ ಹಿಂದೆ ಸೇದಿದವರೋ ಆಗಿದ್ದರೆ, ಡಬ್ಬಿಯನ್ನು ನಾಳೆಯೇ ಡಾಕ್ಟರಿಗೆ ತೋರಿಸಿ. ಹಾಗೇ ಅವರ ಬಿಪಿ, ಶುಗರ್ ಗುಳಿಗೆ ಮಾಡದಲ್ಲಿ ಇದೆಯಾ ಇಲ್ಲವಾ, ಒಮ್ಮೆ ಎದ್ದು ಹೋಗಿ ನೋಡಿ.