ತಂಬೂರಿ ಕೇಳಿಸುತ್ತಿದೆಯೇ?

ಕೇಳುಗರಿಗೆ ನಮಸ್ಕಾರ.

ಮುಂದಿನ ಸಲ ಸಂಗೀತ ಕಛೇರಿಗೆ ಹೋದಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಹಾಡುವವರು ಒಂದು ಸಾಲು ಮುಗಿಸಿ ಉಸಿರು ಎಳೆದುಕೊಳ್ಳುತ್ತಾರಲ್ಲ, ಆ ಅರೆಗಳಿಗೆಯಲ್ಲಿ ಕಿವಿಗೊಡಿ. ತಂಬೂರಿ ಕೇಳಿಸಿದರೆ ಆ ದಿನ ಮೈಕಿನ ವ್ಯವಸ್ಥೆ ಸರಿಯಾಗಿದೆ. ಬರೀ ಸ್ಪೀಕರಿನ ಹುಯ್ಯೆನ್ನುವ ಸದ್ದು, ಹಿಂದಿನ ಮೃದಂಗದ ಪೆಟ್ಟಿನ ಉಳಿಕೆ ಕೇಳಿಸಿದರೆ ಸದ್ದು ಅತಿಯಾಗಿದೆ. ನಮ್ಮ ಕಛೇರಿಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಫೇಲಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ತಪ್ಪು ಮೈಕಿನದಲ್ಲ, ಅದನ್ನು ಬಳಸುವ ಕ್ರಮದ್ದು.

ಮೈಕೇ ಬೇಡ ಅನ್ನುವವರ ಜೊತೆ ನಾನಿಲ್ಲ. ಮೈಕಿಲ್ಲದ ಕಾಲದಲ್ಲಿ ಗಂಡಸರು ನಾಲ್ಕು, ಐದು ಮನೆಯಂಥ ಏರು ಶ್ರುತಿಯಲ್ಲಿ ಗಂಟಲು ಹರಿಯುವಂತೆ ಹಾಡಬೇಕಿತ್ತು. ಕೊನೆಯ ಸಾಲಿನವರಿಗೂ ಕೇಳಲೆಂದು ಮೈಸೂರಿನ ಪಿಟೀಲು ಚೌಡಯ್ಯನವರು ತಮ್ಮ ವಾದ್ಯದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೊತೆ ತಂತಿ ಹೂಡಿ, ಏಳು ತಂತಿಯ ಪಿಟೀಲನ್ನೇ ಮಾಡಿಕೊಂಡರು. ಅವರ ಹೆಸರಿನಲ್ಲಿ 1980ರಲ್ಲಿ ಬೆಂಗಳೂರಿನಲ್ಲಿ ಎದ್ದ ಸ್ಮಾರಕ ಭವನಕ್ಕೂ ಪಿಟೀಲಿನದೇ ಆಕಾರ. ಮೈಕು ಬಂದ ಮೇಲೆ ಶ್ರುತಿ ಇಳಿಯಿತು, ತಗ್ಗಿನ ಮಂದ್ರಸ್ಥಾಯಿಗೆ ಮರ್ಯಾದೆ ಬಂತು, ಸ್ವರವನ್ನು ಓಲಾಡಿಸುವ ಪಿಸುಮಾತಿನಂಥ ಗಮಕವೂ ಕೇಳಿಸತೊಡಗಿತು. ಇಷ್ಟೆಲ್ಲ ಕೊಟ್ಟ ಸಾಧನದಿಂದಲೇ ಈಗ ಆ ಸೂಕ್ಷ್ಮವನ್ನೆಲ್ಲ ಅಳಿಸುತ್ತಿದ್ದೇವೆ.

ಇದು ಆಗುವುದು ಹೇಗೆ? ಕಛೇರಿಗೆ ಮುಂಚೆ ವೇದಿಕೆಯಲ್ಲಿ ಮಾಡುವ ಮೈಕಿನ ಪರೀಕ್ಷೆಯ ಕ್ರಮದಲ್ಲೇ ಮೊದಲ ಎಡವಟ್ಟು. ಮೃದಂಗದವರು ಬೇಗ ಬಂದಿರುತ್ತಾರೆ. ಎಡಗಡೆ ರವೆ ಮೆತ್ತಬೇಕು, ಬಲಗಡೆ ಶ್ರುತಿ ಕೂಡಿಸಬೇಕು. ಹೇಗೂ ಬಾರಿಸುತ್ತಿದ್ದಾರಲ್ಲ ಎಂದು ಮೈಕಿನವರು ಮೊದಲು ಅದನ್ನೇ ಏರಿಸುತ್ತಾರೆ. ಖಾಲಿ ಸಭಾಂಗಣದಲ್ಲಿ ಅದು ಗುಡುಗುತ್ತದೆ, ಎಲ್ಲರಿಗೂ ಖುಷಿ. ಆಮೇಲೆ ಪಿಟೀಲನ್ನು ಅದರ ಸಮಕ್ಕೆ ಎತ್ತಬೇಕು, ಕಂಠವನ್ನು ಇವೆರಡರ ಮೇಲೆ ತರಬೇಕು. ಕೊನೆಗೆ ತಂಬೂರಿಗೆ ಜಾಗವೇ ಇಲ್ಲ.

ಇದನ್ನು ತಿರುಗಿಸಬೇಕು. ಮೊದಲು ತಂಬೂರಿ. ತಂತಿಯ ಕೆಳಗೆ ಕುದುರೆಯ, ಅಂದರೆ ತಂತಿಗಳನ್ನು ಹೊರುವ ಪುಟ್ಟ ಸೇತುವೆಯ, ಮೇಲೆ ಸಿಕ್ಕಿಸಿದ ಜೀವಾಳದ ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ತಂತಿ ಝೇಂಕರಿಸುವ ಜಾಗ ಹಿಡಿಯಿರಿ. ಜೀವಾಳ ತಪ್ಪಿದ ತಂಬೂರಿಯನ್ನು ಎಷ್ಟು ಏರಿಸಿದರೂ ಟಣ್ ಟಣ್ ಎನ್ನುತ್ತದೆಯೇ ಹೊರತು ತುಂಬಿಕೊಳ್ಳುವುದಿಲ್ಲ. ಅದಕ್ಕೊಂದು ಮೈಕು ಕೊಟ್ಟು, ಅರ್ಧ ಸಭಾಂಗಣದವರೆಗೆ ಹಿತವಾಗಿ ಕೇಳುವಷ್ಟು ಇಡಿ. ಅದರ ಮೇಲೆ ಕಂಠ, ಕಂಠದ ಹಿಂದೆ ಪಿಟೀಲು. ಮೃದಂಗ ಕಟ್ಟಕಡೆಗೆ. ಮುನ್ನೂರು ಜನ ಹಿಡಿಯುವ ಸಭಾಂಗಣದಲ್ಲಿ ಮೃದಂಗದ ಬಲಮುಖಕ್ಕೆ ಮೈಕೇ ಬೇಕಿಲ್ಲ. ಎಡಮುಖದ ತಗ್ಗು ನಾದವಾದ ಗುಮುಕಿಗೆ ತುಸು ಆಸರೆ ಸಾಕು.

ಎರಡನೆಯದು ದೂರ. ಹಾಡುವವರ ಬಾಯಿಗೂ ಮೈಕಿಗೂ ಒಂದು ಗೇಣು ಇರಲಿ, ಮೈಕು ಗಲ್ಲಕ್ಕಿಂತ ಸ್ವಲ್ಪ ಕೆಳಗೆ ಓರೆಯಾಗಿರಲಿ. ತುಟಿಗೆ ಅಂಟಿಸಿಕೊಂಡರೆ ವೇದಿಕೆಯಲ್ಲಿ ಬಳಸುವ ಇಂಥ ಏಕದಿಕ್ಕಿನ ಮೈಕು ತಗ್ಗು ಸ್ವರಗಳನ್ನು ಉಬ್ಬಿಸುತ್ತದೆ. ದನಿಗೆ ಗಾಂಭೀರ್ಯ ಬಂತೆಂದು ಹಾಡುವವರಿಗೆ ಅನಿಸಬಹುದು, ಕೇಳುವವರಿಗೆ ಸಾಹಿತ್ಯ ಗೊಜ್ಜಾಗಿ ಕೇಳುತ್ತದೆ. 'ಪ', 'ಭ' ಬಂದಾಗಲೆಲ್ಲ ಪಟಾಕಿ ಬೇರೆ. ಒಂದು ಗೇಣು ದೂರವಿಟ್ಟು, ಮಿಕ್ಸರಿನಲ್ಲಿ 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಮೃದಂಗದ ಎಡಮುಖದ ಮೈಕಿಗೆ ಮಾತ್ರ ಹೀಗೆ ಕಡಿಯಬೇಡಿ, ಅದರ ಪ್ರಾಣ ಇರುವುದೇ ಅಲ್ಲಿ.

ಪಿಟೀಲಿಗೆ ಒಂದರಿಂದ ಒಂದೂವರೆ ಅಡಿ. ಹತ್ತಿರವಾದರೆ ನಾದಕ್ಕಿಂತ ಕಮಾನಿನ ಕೆರೆತ ಮುಂದೆ ಬರುತ್ತದೆ. ವೀಣೆಯದು ಕಷ್ಟದ ಪ್ರಶ್ನೆ. ಒಂದೇ ಮೀಟಿನಲ್ಲಿ ಎಳೆಯುವ ಗಮಕದ ಬಾಲ ಮೈಕಿಗೆ ಸಿಗುವ ಮುಂಚೆಯೇ ಆರಿಹೋಗುತ್ತದೆ, ಅದಕ್ಕೇ ವೈಣಿಕರು ಕೊಡಕ್ಕೆ ಅಂಟಿಸುವ ಪಿಕಪ್ಪಿಗೆ ಮೊರೆಹೋಗುತ್ತಾರೆ. ಆದರೆ ಪಿಕಪ್ಪು ಮೀಟಿನ ಉಗುರು ಪೆಟ್ಟನ್ನೂ ತಾಳದ ತಂತಿಯನ್ನೂ ಚುಚ್ಚುವ ಹಾಗೆ ಎತ್ತಿ ಹಿಡಿಯುತ್ತದೆ. ಪಿಕಪ್ಪನ್ನು ಅರ್ಧಕ್ಕಿಳಿಸಿ, ಕೊಡದ ಮುಂದೆ ಮುಕ್ಕಾಲು ಗೇಣಿನಲ್ಲಿ ಇನ್ನೊಂದು ಮೈಕಿಟ್ಟು ಎರಡನ್ನೂ ಬೆರೆಸುವುದೇ ಈಗಿರುವ ಒಳ್ಳೆಯ ದಾರಿ.

ಇನ್ನು ವೇದಿಕೆಯ ಮೇಲಿನ ಮಾನಿಟರ್, ಅಂದರೆ ಕಲಾವಿದರ ಕಡೆ ಮುಖಮಾಡಿದ ಪೆಟ್ಟಿಗೆ. ಎಲ್ಲ ಜಗಳಕ್ಕೂ ಇದೇ ಮೂಲ. ಮೊದಲ ವರ್ಣ ಮುಗಿಯುವುದರೊಳಗೆ ನಾಲ್ಕು ಕಡೆಯಿಂದ ಕೈ ಮೇಲೇಳುತ್ತದೆ, ಎಲ್ಲ ಬೆರಳೂ ಮೇಲ್ಮುಖ. ಕೆಳಕ್ಕೆ ತೋರಿಸುವ ಬೆರಳು ಅಪರೂಪ! ಕಂಠ ಕೇಳದಿದ್ದರೆ ಪಕ್ಕದ ಪಿಟೀಲನ್ನು ಇಳಿಸಿ ಅನ್ನಬಹುದಲ್ಲ, ಅನ್ನುವುದಿಲ್ಲ. ಮಾನಿಟರಿನ ಸದ್ದು ಮತ್ತೆ ಮೈಕಿಗೇ ನುಗ್ಗಿ ಕುಂಯ್ ಎಂದು ಕೂಗು ಹಾಕುತ್ತದೆ. ತೆರೆದ ಮೈಕು ಎರಡರಷ್ಟಾದಾಗಲೆಲ್ಲ ಕೂಗು ಬಾರದಂತೆ ಏರಿಸಬಹುದಾದ ಮಿತಿ 3 ಡೆಸಿಬೆಲ್ ಕುಸಿಯುತ್ತದೆ. ಕಂಠಕ್ಕೆ ಒಂದು, ಸಹಗಾಯನಕ್ಕೆ ಒಂದು, ಪಿಟೀಲಿಗೆ, ತಂಬೂರಿಗೆ, ಘಟಕ್ಕೆ, ಖಂಜಿರಕ್ಕೆ ಒಂದೊಂದು, ಮೃದಂಗಕ್ಕೆ ಎರಡು: ಒಟ್ಟು ಎಂಟು. ಒಂದೇ ಮೈಕಿದ್ದಾಗಿನ ಮಿತಿಗಿಂತ 9 ಡೆಸಿಬೆಲ್ ಕಡಿಮೆ. ಬಳಸದ ಮೈಕನ್ನು ಮುಚ್ಚುವುದು, ಮಾನಿಟರನ್ನು ಮೈಕಿನ ಬೆನ್ನಿಗೆ ಇಡುವುದು, ಅದರಲ್ಲಿ ತಂಬೂರಿ ಮತ್ತು ಕಂಠವನ್ನಷ್ಟೇ ಬಿಡುವುದು, ಇಷ್ಟು ಮಾಡಿದರೆ ಕೂಗೂ ನಿಲ್ಲುತ್ತದೆ, ಬೆರಳುಗಳೂ ಇಳಿಯುತ್ತವೆ. ನೀವು ಈಗ ಕೇಳುತ್ತಿರುವ ಬಾನುಲಿಯ ಸ್ಟುಡಿಯೊದಲ್ಲಿ ಸಂಗೀತ ಅಷ್ಟು ತಿಳಿಯಾಗಿರಲು ಒಂದು ಕಾರಣ ಇದೇ: ಅಲ್ಲಿ ಮೈಕಿನ ಎದುರು ಮೊಳಗುವ ಸ್ಪೀಕರುಗಳಿಲ್ಲ.

ಎಷ್ಟು ಸದ್ದು ಸಾಕು? ಕೆಲಸದ ಜಾಗಗಳಿಗೆ ಒಪ್ಪಿತವಾಗಿರುವ ಒಂದು ಲೆಕ್ಕವಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಎರಡೂವರೆ ಗಂಟೆಯ ಕಛೇರಿಯಲ್ಲಿ ಮುಂದಿನ ಸಾಲಿನವರು ಸರಾಸರಿ 91ರಲ್ಲಿ ಕೂತರೆ ಕಿವಿಗೇ ಕೇಡು. ನನ್ನ ಮಟ್ಟಿಗೆ ಮುಂದಿನ ಸಾಲಿಗೆ 80, ಹಿಂದಿನ ಸಾಲಿಗೆ 70 ಧಾರಾಳವಾಯಿತು. ಮೊಬೈಲಿನ ಮಾಪಕ ಎರಡು ಮೂರು ಅಂಕ ಆಚೀಚೆ ತೋರಿಸಿದರೂ ಅಂದಾಜಿಗೆ ಸಾಕು. ಮೈಕಿನ ಪರೀಕ್ಷೆ ನಡೆಯುವುದು ಖಾಲಿ ಸಭಾಂಗಣದಲ್ಲಿ ಎಂಬುದೂ ನೆನಪಿರಲಿ. ಜನ ತುಂಬಿದ ಮೇಲೆ ಅವರ ಮೈಯೂ ಬಟ್ಟೆಯೂ ಮೊಳಗನ್ನು ಹೀರುತ್ತವೆ, ಆಗ ದನಿ ಒಣಗಿದಂತೆ ಕೇಳುತ್ತದೆ. ಮೈಕಿನವರು ಗಾಬರಿಯಾಗಿ ಎಲ್ಲವನ್ನೂ ಏರಿಸುತ್ತಾರೆ. ಕಂಠವನ್ನೊಂದು ಎಳೆ ಏರಿಸಿದರೆ ಮುಗಿಯಿತು.

ರಾಮೋತ್ಸವದ ಚಪ್ಪರಗಳದು ಬೇರೆ ಕಥೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಂಥ ಕಡೆ ಜನ ದೂರದವರೆಗೆ ಕೂರುತ್ತಾರೆ, ನಡುವೆಯೂ ಸ್ಪೀಕರ್ ಬೇಕೇಬೇಕು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ, ತಂತಿಯಲ್ಲಾದರೋ ಕ್ಷಣಾರ್ಧದಲ್ಲಿ. ವೇದಿಕೆಯಿಂದ ನೂರಡಿ ಆಚೆಯ ಸ್ಪೀಕರನ್ನು ಸೆಕೆಂಡಿನ ಸಾವಿರದಲ್ಲಿ 90 ಪಾಲಿನಷ್ಟು ತಡಮಾಡಿಸದಿದ್ದರೆ ಅಲ್ಲಿ ಕೂತವರಿಗೆ ಪ್ರತಿ ಪೆಟ್ಟೂ ಎರಡೆರಡು ಸಲ ಕೇಳುತ್ತದೆ. 'ತಕಿಟ' ಅಂದದ್ದು 'ತತಕಕಿಟಿಟ' ಆಗುತ್ತದೆ, ತಾಳ ಹಾಕುವವರ ಕೈ ಗೊಂದಲಕ್ಕೆ ಬೀಳುತ್ತದೆ. ಹೀಗೆ ತಡಮಾಡಿಸುವ ಸೌಲಭ್ಯ ಇಂದಿನ ಬಹುತೇಕ ಡಿಜಿಟಲ್ ಮಿಕ್ಸರುಗಳಲ್ಲಿ ಇದೆ. ವೇದಿಕೆಯಿಂದ ಕಂಬದವರೆಗೆ ಹೆಜ್ಜೆ ಹಾಕಿ ಅಳೆದು ಅಂಕಿ ಒತ್ತುವ ವ್ಯವಧಾನ ಬೇಕು, ಅಷ್ಟೆ.

ಕೊನೆಗೆ ತನಿ ಆವರ್ತನ, ಅಂದರೆ ತಾಳವಾದ್ಯದವರಷ್ಟೇ ನುಡಿಸುವ ಭಾಗ. ಅದು ಶುರುವಾದೊಡನೆ ಮೃದಂಗದ ಗುಂಡಿಯನ್ನು ಮೇಲಕ್ಕೆ ತಳ್ಳುವುದು ಎಷ್ಟೋ ಕಡೆ ಸಂಪ್ರದಾಯವೇ ಆಗಿಬಿಟ್ಟಿದೆ. ಹಾಡು, ಪಿಟೀಲು ಎರಡೂ ನಿಂತಿರುತ್ತವೆ, ಮರೆಮಾಡುವುದಕ್ಕೆ ಏನೂ ಇರುವುದಿಲ್ಲ. ಏರಿಸುವ ಬದಲು ಇಳಿಸಬೇಕಾದ ಹೊತ್ತು ಅದು. ಕ್ಯಾಂಟೀನಿಗೆ ಎದ್ದುಹೋದವರಿಗೂ ಕೇಳಲಿ ಎಂಬ ವಾದವೊಂದಿದೆ. ಅವರಿಗೆಂದು ಕಾಫಿ ಕೌಂಟರಿನ ಪಕ್ಕದಲ್ಲಿ ಒಂದು ಪುಟ್ಟ ಸ್ಪೀಕರ್ ನೇತುಹಾಕಿ, ಒಳಗೆ ಕೂತವರನ್ನು ಬಿಟ್ಟುಬಿಡಿ.

ನಮಸ್ಕಾರ.