ಜವಾರಿ ಕೋಳಿಗೂ ಬರೆದಿಟ್ಟ ಲಕ್ಷಣ ಬೇಕು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಬೈಲಹೊಂಗಲ, ಮುಧೋಳ, ಇಂಡಿ, ಸಿಂದಗಿಗಳಿಂದ ಬುಟ್ಟಿ-ಪಂಜರಗಳ ಸಮೇತ ನಸುಕಿನಲ್ಲೇ ಹೊರಟು ಬೆಳಗಾವಿಗೆ ಬಂದಿರುವ ಅಕ್ಕಂದಿರೇ, ಅಣ್ಣಂದಿರೇ, ನಮಸ್ಕಾರ.

ಬೆಳಿಗ್ಗೆ ಹೊರಗಿನ ಶಾಮಿಯಾನದಲ್ಲಿ ನಡೆದ ಜವಾರಿ ಕೋಳಿಗಳ ಪ್ರದರ್ಶನವನ್ನು ನಾವೆಲ್ಲ ನೋಡಿದೆವು. ಮೊದಲ ಬಹುಮಾನ ಎಲ್ಲಕ್ಕಿಂತ ಹೆಚ್ಚು ತೂಗಿದ ಹುಂಜಕ್ಕೆ ಹೋಯಿತು. ಅದನ್ನು ಸಾಕಿದವರ ಶ್ರಮಕ್ಕೆ ನನ್ನ ಗೌರವವಿದೆ. ತೀರ್ಪುಗಾರರನ್ನೂ ನಾನು ದೂರುವುದಿಲ್ಲ, ಏಕೆಂದರೆ ಅವರ ಮುಂದೆ ತಕ್ಕಡಿಯನ್ನು ಬಿಟ್ಟರೆ ಬೇರೆ ಯಾವ ಅಳತೆಗೋಲೂ ಇರಲಿಲ್ಲ. ಆದರೆ ಆ ಹುಂಜದ ದಪ್ಪ ಕಾಲನ್ನೂ ಅಗಲ ಎದೆಯನ್ನೂ ಕಂಡ ಹಲವರಿಗೆ, ಅದರ ಹಿಂದಿನ ಒಂದೆರಡು ತಲೆಮಾರಿನಲ್ಲಿ ಗಿರಿರಾಜದಂಥ ಸುಧಾರಿತ ತಳಿ ಬೆರೆತಿರಬೇಕೆಂದು ಅನ್ನಿಸಿರಬಹುದು. ಗಿರಿರಾಜ ಕೆಟ್ಟ ಕೋಳಿಯಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಅದು ಅನೇಕ ಬಡ ಮನೆಗಳಿಗೆ ಆಧಾರವಾಗಿದೆ. ಆದರೆ ಜವಾರಿ ಕೋಳಿಯ ಸ್ಪರ್ಧೆಯಲ್ಲಿ ಬೆರಕೆ ಹುಂಜ ಗೆದ್ದರೆ, ಮುಂದಿನ ವರ್ಷ ಎಲ್ಲರೂ ಅದೇ ಹುಂಜದ ಮರಿಗಳನ್ನು ಕೇಳುತ್ತಾರೆ. ಉಳಿಸಬೇಕೆಂದು ನಡೆಸಿದ ಪ್ರದರ್ಶನವೇ ಅಳಿಸುವ ಕೆಲಸ ಮಾಡುತ್ತದೆ.

ಎತ್ತಿನ ವಿಷಯದಲ್ಲಿ ನಾವು ಹೀಗಿಲ್ಲ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನಗಳ ಸಂತೆಯಲ್ಲಿ ಒಂದು ಜೋಡಿ ಹೋರಿಯನ್ನು ಕೊಳ್ಳಲು ಬಂದ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಕೊಂಬಿನ ತಿರುವನ್ನು ನೋಡಿಯೇ ಅದು ಖಿಲಾರಿ ಹೌದೋ ಅಲ್ಲವೋ ಎಂದು ಹೇಳಿಬಿಡುತ್ತಾನೆ. ಮುಧೋಳದ ನಾಯಿಗೆ ಘೋರ್ಪಡೆ ಅರಸರ ಆಸರೆ ಸಿಕ್ಕಿತು, 2005ರಲ್ಲಿ ಅದರ ಚಿತ್ರವಿರುವ ಅಂಚೆ ಚೀಟಿ ಬಂತು, ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೂ ಇದೆ. ಕೋಳಿ ಮಾತ್ರ ಹಿತ್ತಲಿನಲ್ಲಿ, ಹೆಣ್ಣುಮಕ್ಕಳ ಕೈಯಲ್ಲಿ ಉಳಿಯಿತು. ಅದರ ಲಕ್ಷಣಗಳನ್ನು ಅವರು ಚೆನ್ನಾಗಿ ಬಲ್ಲರು, ಆದರೆ ಅವರನ್ನು ಕೇಳಿ ಬರೆದುಕೊಳ್ಳುವ ಗೋಜಿಗೆ ಯಾರೂ ಹೋಗಲಿಲ್ಲ. ದೇಶದ ಪಶುತಳಿಗಳನ್ನು ನೋಂದಾಯಿಸುವ ಕರ್ನಾಲಿನ ಸಂಸ್ಥೆಯ ಪಟ್ಟಿಯಲ್ಲಿ ಅಸೀಲ್ ಇದೆ, ಕಡಕ್‌ನಾಥ್ ಇದೆ, ಆಂಧ್ರ ಮತ್ತು ಕರ್ನಾಟಕಗಳಿಗೆ ಸೇರಿದ ಘಾಗಸ್ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳ ಹೆಸರು ಹೊತ್ತ ಕೋಳಿ ಅಲ್ಲಿಲ್ಲ.

ನಾನು ಹೋದಲ್ಲೆಲ್ಲ ಹೇಳುವ ಒಂದು ವೃತ್ತಾಂತವಿದೆ. ಈಗಾಗಲೇ ಕೇಳಿದವರು ದಯವಿಟ್ಟು ಇನ್ನೊಮ್ಮೆ ಕೇಳಬೇಕು. ನಮ್ಮ ಕಾಳಗದ ಕೋಳಿಯಾದ ಅಸೀಲ್ 19ನೇ ಶತಮಾನದ ಆರಂಭದ ಹೊತ್ತಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತವನ್ನು ಸೇರಿತ್ತು. ಅಲ್ಲಿನ ಕಾಳಗದ ಕೋಳಿಗಳೊಂದಿಗೆ ಅದನ್ನು ಕೂಡಿಸಿದ ಹಿರಿಮೆಯನ್ನು, ಭಾರತದಲ್ಲಿ ಸೇನಾಧಿಕಾರಿಯಾಗಿದ್ದ ವಾಲ್ಟರ್ ಗಿಲ್ಬರ್ಟ್ ಅವರಿಗೆ ಸಲ್ಲಿಸುವುದು ರೂಢಿ. ಬೇಕಾಗಿದ್ದದ್ದು ಇನ್ನಷ್ಟು ಬಲಶಾಲಿಯಾದ ಕಾಳಗದ ಹುಂಜ. ಹುಟ್ಟಿದ್ದು ಅಗಲ ಎದೆಯ, ಗಿಡ್ಡ ಕಾಲಿನ, ಕಾದಾಡಲು ಚುರುಕಿಲ್ಲದ ಭಾರವಾದ ಕೋಳಿ. ಅಷ್ಟರಲ್ಲಿ 1835ರ ಕಾನೂನು ಇಂಗ್ಲೆಂಡಿನಲ್ಲಿ ಕೋಳಿ ಕಾಳಗವನ್ನೇ ನಿಷೇಧಿಸಿತು. ಕಣಕ್ಕೂ ಒದಗದ, ಮೊಟ್ಟೆಯ ಲೆಕ್ಕ ಹಿಡಿದವರಿಗೂ ಬೇಡವಾದ ಆ ಕೋಳಿ ಅಲ್ಲಿಗೇ ಮುಗಿದುಹೋಗಬಹುದಿತ್ತು. ಅದನ್ನು ಉಳಿಸಿದವರಲ್ಲಿ ಪ್ರದರ್ಶನದ ಹವ್ಯಾಸಿಗಳು ಮುಖ್ಯರು. ಯಾವ ಕೋಳಿಗೆ ಯಾವ ಜುಟ್ಟು, ಎಂಥ ಬಣ್ಣ, ಎಷ್ಟು ತೂಕ ಎಂಬುದನ್ನು ಅವರು 1865ರಲ್ಲಿ ಇಂಗ್ಲೆಂಡಿನಲ್ಲಿಯೂ 1874ರಲ್ಲಿ ಅಮೆರಿಕದಲ್ಲಿಯೂ ಪುಸ್ತಕ ಮಾಡಿ ಅಚ್ಚು ಹಾಕಿಸಿದ್ದರು. ಕಾರ್ನ್‌ವಾಲ್‌ನ ಆ ಭಾರವಾದ ಕೋಳಿ, ಅಂದರೆ ಕಾರ್ನಿಷ್, 1893ರಲ್ಲಿ ಅಮೆರಿಕದ ಆ ಪುಸ್ತಕಕ್ಕೆ ಸೇರಿತು. ಬರೆದಿಟ್ಟ ಲಕ್ಷಣವಿದ್ದುದರಿಂದ ತಂದೆ ಸತ್ತ ಮೇಲೆ ಮಗ, ಮಗ ಬಿಟ್ಟ ಮೇಲೆ ನೆರೆಯವನು ಅದೇ ಕೋಳಿಯನ್ನು ಮುಂದುವರಿಸುವುದು ಸಾಧ್ಯವಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ದೊಡ್ಡ ಕಿರಾಣಿ ಮಳಿಗೆಗಳ ಸಂಸ್ಥೆಯೊಂದು ‘ನಾಳೆಯ ಕೋಳಿ’ ಎಂಬ ಸ್ಪರ್ಧೆಗೆ ಹಣ ಹೂಡಿತು. ಮಾಂಸದ ಕೋಳಿಯ ಮೈಕಟ್ಟು ಹೇಗಿರಬೇಕೆಂದು ಮೇಣದ ಮಾದರಿಯನ್ನೇ ಮಾಡಿಸಿದ್ದರು. 1948ರಲ್ಲಿ ಡೆಲವೇರ್ ರಾಜ್ಯದಲ್ಲಿ ನಡೆದ ಅಂತಿಮ ಸುತ್ತನ್ನು ಗೆದ್ದ ಚಾರ್ಲ್ಸ್ ವಾಂಟ್ರೆಸ್ ಅವರ ಕೋಳಿ ಯಾವುದು ಗೊತ್ತೇ? ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಷೈರ್ ತಳಿಗಳ ಬೆರಕೆ. 1951ರಲ್ಲಿಯೂ ಅವರೇ ಗೆದ್ದರು. ಇಂದು ಗೋಕಾಕದಿಂದ ಜಮಖಂಡಿಯವರೆಗೆ ಅಂಗಡಿ ಅಂಗಡಿಯಲ್ಲಿ ತೂಗಿ ಮಾರುವ ಬ್ರಾಯ್ಲರ್‌ನ ತಂದೆಯ ಕಡೆಯ ವಂಶದಲ್ಲಿ ಕಾರ್ನಿಷ್ ಇದೆ, ಕಾರ್ನಿಷ್‌ನಲ್ಲಿ ನಮ್ಮ ಅಸೀಲ್ ಇದೆ. ಹೊರಗೆ ಹುಂಜಗಳು ಕೂಗುತ್ತಿವೆ. ತಮ್ಮ ವಂಶದ ಮಾತು ಬಂದಾಗ ಅವೂ ಸುಮ್ಮನಿರಲಾರವು.

ಇದೇ ಕಾರ್ನಿಷ್ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅಗಲ ಎದೆಗೂ ಗಿಡ್ಡ ಕಾಲಿಗೂ ವರ್ಷವರ್ಷ ಬಹುಮಾನ ಕೊಡುತ್ತ ಹೋದುದರಿಂದ, ಪ್ರದರ್ಶನದ ಹುಂಜಗಳಲ್ಲಿ ಸಹಜವಾಗಿ ಹೇಂಟೆಯೊಂದಿಗೆ ಕೂಡಲು ಕಷ್ಟಪಡುವವು ಹೆಚ್ಚಾದವು. ಆದ್ದರಿಂದ ನಾವು ಬರೆಯುವ ಲಕ್ಷಣಪಟ್ಟಿಯಲ್ಲಿ ಚೆಲುವು ಕೆಲಸಕ್ಕೆ ಅಧೀನವಾಗಿರಬೇಕು. 100 ಅಂಕಗಳಲ್ಲಿ 50ನ್ನಾದರೂ ಬದುಕುವ ಗುಣಗಳಿಗೆ ಮೀಸಲಿಡಬೇಕೆಂಬುದು ನನ್ನ ಆಗ್ರಹ: 21 ದಿನ ಬಿಡದೆ ಕಾವಿಗೆ ಕೂಡುವುದು, ಮರಿಗಳನ್ನು ಹದ್ದಿನಿಂದ ಕಾಯುವುದು, ತಿಪ್ಪೆ ಕೆದರಿ ಹೊಟ್ಟೆ ತುಂಬಿಸಿಕೊಳ್ಳುವುದು. ಇವನ್ನು ಪಂಜರದಲ್ಲಿ ನೋಡಲಾಗದು ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಎಷ್ಟು ಮೊಟ್ಟೆ ಇಟ್ಟು ಕೂಡಿಸಿದಿರಿ, ಎಷ್ಟು ಒಡೆದು ಮರಿಯಾದವು, ಎಷ್ಟು ಮರಿ ಬದುಕಿದವು ಎಂಬುದನ್ನು ಬರೆದಿಟ್ಟ ಅಕ್ಕನ ವಹಿಯನ್ನೂ ಕೋಳಿಯೊಂದಿಗೆ ತರಿಸಿರಿ, ಅದಕ್ಕೂ ಅಂಕ ಕೊಡಿರಿ.

ಇನ್ನು ತೀರ್ಪುಗಾರರ ಕೈಯ ಕೆಲಸ. ಹೇಂಟೆಯನ್ನು ಪಂಜರದಿಂದ ತಲೆ ಮುಂದಾಗಿ ತೆಗೆದು, ಎದೆಯೆಲುಬು ಅಂಗೈ ಮೇಲೆ ಕೂಡುವಂತೆ, ಎರಡೂ ಕಾಲು ಬೆರಳುಗಳ ನಡುವೆ ಸಿಗುವಂತೆ ಹಿಡಿದರೆ ಅದು ಮಿಸುಕದೆ ಕೂಡುತ್ತದೆ. ಎದೆಯೆಲುಬು ನೇರವಾಗಿದೆಯೇ, ಡೊಂಕಾಗಿದೆಯೇ ಎಂಬುದು ಅಂಗೈಗೇ ತಿಳಿಯುತ್ತದೆ. ಬಾಲದ ಕೆಳಗಿನ ಎರಡು ಚೂಪೆಲುಬುಗಳ ನಡುವೆ ಎರಡು-ಮೂರು ಬೆರಳು ಹಿಡಿಸಿದರೆ ಹೇಂಟೆ ಮೊಟ್ಟೆಯಿಡುತ್ತಿದೆ ಎಂದರ್ಥ. ಆಮೇಲೆ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ, ತುದಿಯ ಕಡೆಯ ಹತ್ತು ದೊಡ್ಡ ಗರಿಗಳನ್ನು ಎಣಿಸಬೇಕು. ಅವುಗಳಿಗೂ ಒಳಗಿನ ಸಾಲಿಗೂ ನಡುವೆ ಸಂದು ಬಿಟ್ಟಿದ್ದರೆ ಅದು ದೋಷ. ಕೊಕ್ಕು ಸೊಟ್ಟಗಿರುವ, ಬಾಲ ಒಂದೇ ಬದಿಗೆ ವಾಲಿದ ಕೋಳಿಯನ್ನು ಎಷ್ಟೇ ತೂಗಲಿ ಹೊರಗಿಡಬೇಕು. ತಕ್ಕಡಿ ಇದ್ಯಾವುದನ್ನೂ ಹೇಳುವುದಿಲ್ಲ.

ಬಣ್ಣದ ವಿಷಯದಲ್ಲಿ ಅವಸರ ಬೇಡ. ಸಾಕು ಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿಯಾದರೂ, ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಆ ಬೂದು ಕಾಡುಕೋಳಿ ನಮ್ಮ ಖಾನಾಪುರದ ಕಾಡುಗಳಲ್ಲಿ ಇಂದಿಗೂ ಕೂಗುತ್ತಿದೆ. ಹಾಗೆಯೇ ಸಂತೆಯಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುವ ಬೋಳು ಕುತ್ತಿಗೆಯ ಕೋಳಿಯನ್ನು ರೋಗದ ಕೋಳಿಯೆಂದು ದೂರ ತಳ್ಳಬೇಡಿರಿ. ಅದು ಒಂದು ವಂಶವಾಹಿಯ ಕೆಲಸ; ಮೈಮೇಲೆ ಗರಿ ಕಡಿಮೆಯಾದ್ದರಿಂದ ಇಂಡಿ-ಸಿಂದಗಿಗಳ ಏಪ್ರಿಲ್-ಮೇ ಬಿಸಿಲನ್ನು ಅದು ಇತರ ಕೋಳಿಗಳಿಗಿಂತ ಚೆನ್ನಾಗಿ ತಾಳುತ್ತದೆ. ಕುತ್ತಿಗೆಯ ಮುಂಭಾಗದಲ್ಲಿ ಗರಿಗಳ ಸಣ್ಣ ಗೊಂಚಲು ಇದ್ದರೆ ಆ ಗುಣ ತಾಯಿ-ತಂದೆಯರಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ಅಂಥ ಎರಡನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಪೂರ್ತಿ ಗರಿಯ ಕುತ್ತಿಗೆಯದಾಗುತ್ತದೆ. ಇದು ತಿಳಿದಿದ್ದರೆ ಮರಿಯನ್ನು ನೋಡಿ ಬೆರಕೆಯೆಂದು ಜಗಳವಾಡುವುದು ತಪ್ಪುತ್ತದೆ.

ಅಧ್ಯಕ್ಷರು ಎರಡನೆಯ ಚೀಟಿ ಕಳಿಸಿದ್ದಾರೆ. ತಳಿ ಕಾಯುವ ಕ್ರಮವನ್ನು ವಿವರವಾಗಿ ಹೇಳಬೇಕೆಂದಿದ್ದೆ, ಸಾರವನ್ನಷ್ಟೇ ಹೇಳುತ್ತೇನೆ. ಒಂದೇ ಹುಂಜವನ್ನು ಅದರ ಮಗಳು-ಮೊಮ್ಮಗಳ ಮೇಲೆ ಬಿಡುತ್ತ ಹೋದರೆ ಮೊಟ್ಟೆ ಒಡೆದು ಮರಿಯಾಗುವುದು ಕಡಿಮೆಯಾಗುತ್ತದೆ, ಮರಿಗಳ ಕಸುವು ಕುಗ್ಗುತ್ತದೆ. ಊರಿನಲ್ಲಿ ಮೂರು ಮನೆಯವರು ಕೂಡಿ ಮೂರು ಹಿಂಡು ಮಾಡಿಕೊಳ್ಳಿರಿ: ಹೆಣ್ಣುಮರಿಗಳು ತಾಯಿಯ ಹಿಂಡಿನಲ್ಲೇ ಉಳಿಯಲಿ, ಗಂಡುಮರಿಗಳು ಪ್ರತಿ ವರ್ಷ ಮುಂದಿನ ಮನೆಗೆ ಹೋಗಲಿ, ಮೂರನೆಯ ಮನೆಯವು ಮೊದಲನೆಯ ಮನೆಗೆ ಬರಲಿ. ಗುರುತಿಗೆ ಕಾಲಿಗೊಂದು ಬಣ್ಣದ ಉಂಗುರ ಸಾಕು.

ಕೊನೆಯದಾಗಿ, ಕೊಕ್ಕರೆ ರೋಗವೆಂದು ನಾವು ಕರೆಯುವ ರಾಣಿಖೇತ್‌ಗೆ ಲಸಿಕೆ ಹಾಕಿಸದ ಕೋಳಿಯನ್ನು ಮುಂದಿನ ಪ್ರದರ್ಶನಕ್ಕೆ ಸೇರಿಸಬಾರದೆಂದು ಈ ಸಭೆ ಇಂದೇ ತೀರ್ಮಾನಿಸಬೇಕು. ಇವತ್ತು ಇಲ್ಲಿಂದ ಒಯ್ಯುವ ಕೋಳಿಗಳನ್ನು ಎರಡು-ಮೂರು ವಾರ ಮನೆಯ ಹಿಂಡಿನಿಂದ ಬೇರೆಯಾಗಿ ಇಡಿರಿ. ಅವುಗಳ ನೀರಿನ ಪಾತ್ರೆಯೂ ಬೇರೆ ಇರಲಿ, ಮೊದಲು ಮನೆಯ ಕೋಳಿಗಳಿಗೆ ಕಾಳು ಹಾಕಿ ಆಮೇಲೆ ಇವುಗಳ ಕಡೆ ಹೋಗಿರಿ. ಲಕ್ಷಣಪಟ್ಟಿಯ ಕರಡನ್ನು ಬರೆಯಲು ಊಟವಾದ ಮೇಲೆ ಇದೇ ಸಭಾಂಗಣದಲ್ಲಿ ಕೂಡೋಣ; ಕಾವು ಕೂಡಿಸಿ ಬಲ್ಲ ಅಕ್ಕಂದಿರು ಮುಂದಿನ ಸಾಲಿನಲ್ಲಿ ಕೂಡಬೇಕು. ನಮಸ್ಕಾರ.